ಕಾಮಾಕ್ಷಮ್ಮನ ಸೀರೆಯಂಚಿನ ಗಂಟು

ಜೀವಕೋಶಗಳ ಮಾತುಕತೆಯ ಬಗ್ಗೆ ಮಕ್ಕಳಿಗೆ ಹೇಳಿ ಎಂದು ಹೊಸನಗರದ ಕಾಲೇಜಿನವರು ವಿಜ್ಞಾನಿ ಸುಪ್ರಿಯಾಳನ್ನು ಕರೆದಿದ್ದರು. ಇಪ್ಪತ್ತು ವರ್ಷದ ಹಿಂದೆ ಇದೇ ಬೆಂಚುಗಳಲ್ಲಿ ಕೂತು ಓದಿದವಳು. ಪ್ರಯೋಗಾಲಯದಲ್ಲಿ ಪಟಪಟ ಬರುವ ಮಾತು ಇಲ್ಲಿ ಮಕ್ಕಳ ತಲೆಗೆ ಹತ್ತಲಿಲ್ಲ. ಕೊನೆಗೆ ಪರದೆಯ ಚಿತ್ರಗಳನ್ನು ಬದಿಗಿಟ್ಟು ಅಮ್ಮನ ಡಬ್ಬಿಯ ಕಥೆ ತೆಗೆದಳು.

ಆಗ ಅವಳು ಹಾಸ್ಟೆಲಿನಲ್ಲಿದ್ದಳು. ಅಲ್ಲಿಯ ಸಾರು ದೇವರಿಗೇ ಪ್ರೀತಿ. ಹುಂಚದಿಂದ ಅಮ್ಮ ಕಾಮಾಕ್ಷಮ್ಮ ದಿನಾ ಬೆಳಗಿನ ಬಸ್ಸಿನಲ್ಲಿ ಊಟದ ಡಬ್ಬಿ ಕಳಿಸುತ್ತಿದ್ದಳು. ಖಾಲಿ ಡಬ್ಬಿ ಮಧ್ಯಾಹ್ನ ಅದೇ ಬಸ್ಸಿನಲ್ಲಿ ವಾಪಸ್. ಹೆಸರಿಲ್ಲ, ವಿಳಾಸವಿಲ್ಲ. ತನ್ನದೇ ಹಳೇ ಸೀರೆ ಹರಿದು ಕಟ್ಟಿದ ಗಂಟು, ಅಷ್ಟೆ. ಬಸ್ ಸ್ಟ್ಯಾಂಡಿನಲ್ಲಿ ಹತ್ತು ಡಬ್ಬಿಗಳಿದ್ದರೂ ಆ ನೇರಳೆ ಅಂಚು ಕಂಡೊಡನೆ ಸುಪ್ರಿಯಾಳ ಕೈ ತಾನಾಗಿ ಮುಂದೆ ಹೋಗುತ್ತಿತ್ತು.

"ಜೀವಕೋಶವೂ ಹಾಗೇ," ಎಂದಳು. "ತನ್ನದೇ ಪೊರೆಯ ಚೂರಿನಲ್ಲಿ ಪ್ರೋಟೀನು, ಆರ್‌ಎನ್‌ಎ ಕಟ್ಟಿ, ಗುಳ್ಳೆಯಂಥ ಪುಟ್ಟ ಚೀಲ ಮಾಡಿ ಕಳಿಸ್ತದೆ. ರಕ್ತವೇ ಬಸ್ಸು. ಚೀಲದ ಮೇಲಿನ ಪ್ರೋಟೀನಿನ ಗುರುತು ಹಿಡಿದ ಕೋಶ ಅದನ್ನ ಒಳಗೆ ತಗೊಳ್ತದೆ. ಒಳಗಿದ್ದದ್ದು ಆ ಕೋಶದ ನಡತೆಯನ್ನೇ ಬದಲಾಯಿಸಬಹುದು."

ರಕ್ಷಾ ಎಂಬ ಹುಡುಗಿ ಎದ್ದು ನಿಂತಳು. "ತಗೊಳ್ದೇ ಇದ್ರೆ ಮೇಡಂ?"

ಒಂದು ದಿನ ಸುಪ್ರಿಯಾಳೂ ಗಂಟು ಬಿಚ್ಚಿರಲಿಲ್ಲ. ಶಿವಮೊಗ್ಗದ ವಿಜ್ಞಾನ ಪ್ರದರ್ಶನಕ್ಕೆ ಅಮ್ಮ ಕಳಿಸಲಿಲ್ಲವೆಂಬ ಸಿಟ್ಟಿಗೆ ಡಬ್ಬಿಯನ್ನು ಹಾಗೆಯೇ ವಾಪಸ್ ಕಳಿಸಿದ್ದಳು. ಅಮ್ಮ ಆ ಮಾತೆತ್ತಲೇ ಇಲ್ಲ. ಮಾರನೇ ದಿನ ಎಂದಿಗಿಂತ ಭಾರದ ಡಬ್ಬಿ ಬಂತು. ಅಮ್ಮ ತೀರಿಕೊಂಡು ಎರಡು ವರ್ಷವಾಯಿತು. ವಾಪಸ್ ಬಂದ ಆ ತುಂಬಿದ ಡಬ್ಬಿ ಬಿಚ್ಚಿದಾಗ ಅಮ್ಮನ ಮುಖ ಹೇಗಾಗಿತ್ತೋ ಎಂಬ ಪ್ರಶ್ನೆ ಈಗಲೂ ಅವಳನ್ನು ಬಿಟ್ಟಿಲ್ಲ. ಮಕ್ಕಳೆದುರು ಅದನ್ನೂ ಹೇಳಿಬಿಟ್ಟಳು.

ಮೊಮ್ಮಗಳ ಜೊತೆ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ರಕ್ಷಾಳ ಅಜ್ಜ ಎದ್ದರು. ಅದೇ ಬಸ್ಸಿನ ಕಂಡಕ್ಟರಾಗಿದ್ದ ನಾಗರಾಜಪ್ಪ!

"ತುಂಬಿದ ಡಬ್ಬಿ ಅವರ ಕೈಗೆ ಎಲ್ಲಿ ಹೋಯ್ತು ಮಾರಾಯ್ತಿ? ಹಲಸಿನಹಣ್ಣಿನ ಕಡುಬು, ಆರು ಇದ್ವು. ಹೆತ್ತವಳ ಹೊಟ್ಟೆ ಉರಿಸೋದು ಬ್ಯಾಡ ಅಂತ ನಾನೇ ಕೂತು ತಿಂದೆ. 'ತಿಂದ್ಲಾ ನಾಗರಾಜಪ್ಪ?' ಅಂತ ಕೇಳಿದ್ರು ನಿಮ್ಮಮ್ಮ. 'ಇನ್ನೆರಡು ಇದ್ದಿದ್ರೆ ಅದನ್ನೂ ತಿಂತಿದ್ಲು' ಅಂದೆ. ಏನು ನಗು ಅವರದ್ದು!"

ಅಳಬಾರದೆಂದು ಸುಪ್ರಿಯಾ ಮೇಜು ಹಿಡಿದುಕೊಂಡಳು. ಆಗಲಿಲ್ಲ. ಮಾರನೇ ದಿನದ ಆ ಭಾರದ ಡಬ್ಬಿಯಲ್ಲಿ ಎಂಟು ಕಡುಬುಗಳಿದ್ದವು.