ಸೂಪರಿಂಟೆಂಡೆಂಟರ ಮುಖಾಂತರ

ಕೊಪ್ಪದ ತಾಲ್ಲೂಕು ಕಚೇರಿಯ ಎದುರು ಇಪ್ಪತ್ತೆರಡು ವರ್ಷ ಅರ್ಜಿ ಬರೆದವನು ನಾನು. ಗಣಪಯ್ಯ ಬರೆದ ಅರ್ಜಿ ವಾಪಸು ಬಂದದ್ದಿಲ್ಲ ಎಂದು ಗುಮಾಸ್ತರೇ ಹೇಳುತ್ತಿದ್ದರು. ಆ ಜಂಬವೇ ನನ್ನನ್ನು ಹಾಳು ಮಾಡಿತು.

೧೯೮೨ರ ಬೇಸಗೆಯಲ್ಲಿ ಸಯೀದಾ ಬಂದಳು. ಅವಳ ಗಂಡ ಸಿರಾಜುದ್ದೀನ್ ಬಾಳಗಡಿಯಲ್ಲಿ ಸೈಕಲ್ ರಿಪೇರಿ ಮಾಡುತ್ತಿದ್ದವನು. ಹೊಡೆದಾಟದ ಕೇಸಿನಲ್ಲಿ ಮೂರು ವರ್ಷ ಶಿಕ್ಷೆಯಾಗಿ ದೂರದ ಜೈಲಿನಲ್ಲಿದ್ದ. ಅನ್ನದಲ್ಲಿ ಹುಳ ಇದೆ ಎಂದು ತಟ್ಟೆ ದೂಡಿದ್ದಕ್ಕೆ ಕಾಲಿಗೆ ಬೇಡಿ ಹಾಕಿ ನಾಲ್ಕು ತಿಂಗಳಾಗಿತ್ತು.

"ಕಾಲು ಕೀವಾಗಿದೆ ಅಯ್ಯಾ, ಹತ್ರ ಹೋದ್ರೆ ವಾಸನೆ. ಹೈಕೋರ್ಟಿಗೆ ಒಂದು ಕಾಗ್ದ ಹಾಕಿದ್ರೂ ಕೇಸ್ ಅಂತ ತಗೊಳ್ತಾರಂತೆ. ಬೇಡಿ ತೆಗ್ಸಿ ಆಸ್ಪತ್ರೆಗೆ ಸೇರ್ಸಿದ್ರೆ ಸಾಕು."

"ಸುಮ್ನೆ ಕಾಗ್ದ ಹಾಕಿದ್ರೆ ಆಗ್ತದಾ ಮಾರಾಯ್ತಿ? ಅದಕ್ಕೊಂದು ಕ್ರಮ ಇದೆ," ಎಂದೆ.

ಕ್ರಮವಾಗಿಯೇ ಬರೆದೆ. ಮೇಷ್ಟ್ರುಗಳ ವರ್ಗಾವಣೆ ಅರ್ಜಿಯೆಲ್ಲ ಮೇಲಧಿಕಾರಿಯ ಮೂಲಕವೇ ಹೋಗಬೇಕು. ಅದನ್ನೇ ಬರೆದು ಬರೆದು ಪಳಗಿದ ಕೈ. ಹೈಕೋರ್ಟಿನ ವಿಳಾಸದ ಕೆಳಗೆ 'ಜೈಲು ಸೂಪರಿಂಟೆಂಡೆಂಟರ ಮುಖಾಂತರ' ಎಂದು ಬರೆದು ಅಡಿಗೆರೆ ಎಳೆದೆ. ಸಿರಾಜುದ್ದೀನನ ಪರವಾಗಿ ಸಯೀದಾಳ ಹೆಬ್ಬೆಟ್ಟು ಒತ್ತಿಸಿ, ಜೈಲಿನ ವಿಳಾಸಕ್ಕೇ ಅಂಚೆಗೆ ಹಾಕಿದೆ. ಯಾರ ಮೇಲೆ ದೂರೋ ಅವರ ಕೈಗೇ ದೂರು ಕೊಡುತ್ತಿದ್ದೇನೆಂದು ಈ ಮುಠ್ಠಾಳನಿಗೆ ಹೊಳೆಯಲಿಲ್ಲ.

ಕಾಗದ ಹೈಕೋರ್ಟು ಮುಟ್ಟಲಿಲ್ಲ. ಸಿರಾಜುದ್ದೀನನನ್ನು ಒಂಟಿ ಕೋಣೆಗೆ ತಳ್ಳಿದರು. ಎರಡು ತಿಂಗಳು ಕಳೆದ ಮೇಲೆ ವಕೀಲ ಪರಮೇಶ್ವರರು ನಾನು ಇಟ್ಟುಕೊಂಡಿದ್ದ ಅರ್ಜಿಯ ನಕಲು ನೋಡಿ, "ಎಂತ ಮಾಡಿದ್ರಿ ಮಾರಾಯ್ರೆ!" ಎಂದು ತಲೆಗೆ ಕೈ ಇಟ್ಟರು. ಆ ಸಂಜೆಯೇ ಇನ್ನೊಂದು ಕಾಗದವನ್ನು ನೇರವಾಗಿ ಹೈಕೋರ್ಟಿಗೆ ರಿಜಿಸ್ಟರ್ ಮಾಡಿದೆ. ಕೋರ್ಟು ಅದನ್ನು ಕೇಸಾಗಿ ತೆಗೆದುಕೊಂಡು, ಬೇಡಿ ತೆಗೆದು ಆಸ್ಪತ್ರೆಗೆ ಸೇರಿಸಿ ಎಂದು ಆಜ್ಞೆ ಮಾಡಿತು. ಸೇರಿಸಿದರು. ಅಷ್ಟರಲ್ಲಿ ನಂಜು ಮೈಗೆಲ್ಲ ಏರಿತ್ತು. ಹತ್ತು ದಿನ ಬದುಕಿದ.

ಗಂಡನ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ ಸಯೀದಾ ಮತ್ತೆ ನನ್ನ ಮೇಜಿನ ಮುಂದೆ ನಿಂತಳು.

"ಒಳಗೆ ಇನ್ನೂ ಹದಿನಾಲ್ಕು ಜನರ ಕಾಲಲ್ಲಿ ಬೇಡಿ ಇದೆಯಂತೆ ಅಯ್ಯಾ. ಅವ್ರು ಹೋದ್ರು ಅಂತ ಕೇಸು ನಿಲ್ಬಾರ್ದು. ನನ್ ಹೆಸ್ರಲ್ಲಿ ಬರೀರಿ."

ನನ್ನಿಂದ ತಡೆಯಲಾಗಲಿಲ್ಲ. "ನನ್ ಕೈಲಿ ಬರೆಸ್ಬೇಡ ಸಯೀದಾ. ಮೊದಲ್ನೇ ಕಾಗ್ದ ಜೈಲಿನವ್ರಿಗೇ ಸಿಗೋ ಹಂಗೆ ಬರ್ದವ ನಾನು. ನಿನ್ ಗಂಡನ್ನ ಕೊಂದವ ನಾನು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಗೊತ್ತು. ಆ ಕಾಗ್ದಾನ ಜೈಲಿನವ್ರು ಮುಖಕ್ಕೇ ಹಿಡಿದು ತೋರ್ಸಿದ್ರಂತೆ, ಆಸ್ಪತ್ರೆಯಲ್ಲಿ ನಮ್ಮವ್ರೇ ಹೇಳಿದ್ರು. ಗಣಪಯ್ಯನೋರ ಹತ್ರ ಮಾತ್ರ ಇದನ್ನ ಎತ್ಬೇಡ, ಪಾಪ, ಅವ್ರು ಆಮೇಲೆ ಪೆನ್ನು ಹಿಡಿಯೋದಿಲ್ಲ ಅಂದ್ರು."