ಮಸಾಕಾ ರಸ್ತೆಯಲ್ಲಿ ನಬ್ವಾಮಿ

ವ್ಯಾನು ಗುಂಡಿಯೊಂದನ್ನು ಹಾರಿ ಇಳಿದಾಗ ಶವಪೆಟ್ಟಿಗೆ ಒಂದು ಗೇಣು ಹಿಂದಕ್ಕೆ ಜಾರಿತು. ನಕಾಯಿಜಾ ಎರಡೂ ಕೈಯಿಂದ ಅದನ್ನು ಅವುಚಿ ಹಿಡಿದಳು. ಒಳಗೆ, ಮರದ ತೊಗಟೆಯ ಬಟ್ಟೆಯಲ್ಲಿ ಸುತ್ತಿಸಿಕೊಂಡು, ಅವಳ ತಾಯಿ ನಬ್ವಾಮಿ ಮಲಗಿದ್ದಳು.

ಮುಂದಿನ ಸೀಟಿನಲ್ಲಿ ಸೋದರಮಾವ ಲುಬ್ಯಾಯಿ ಫೋನಿಗೆ ಕೂಗುತ್ತಿದ್ದ. "ಬಂದ್ವಿ ಅಂದ್ರೆ ಬಂದ್ವಿ ಕಣ್ರೋ! ಕಂಪಾಲ ಬಿಟ್ಟು ಎಷ್ಟೋ ಹೊತ್ತಾಯ್ತು. ಹಿರಿಯರಿಗೆ ಇನ್ನೊಂದು ಲೋಟ ಚಹಾ ಕೊಡಿ, ಕೂತ್ಕೋತಾರೆ."

ಫೋನಿಟ್ಟು ಡ್ರೈವರನ ಕಡೆ ತಿರುಗಿದ. "ಮುಬಿರು, ನಾಲ್ಕು ಗಂಟೆ ದಾಟಿದ್ರೆ ಕುಲದ ಹಿರಿಯ ಬೇರೆ ಊರಿನ ಮಣ್ಣಿಗೆ ಹೊರಟುಬಿಡ್ತಾನೆ. ಅವನಿಲ್ದೆ ಇವಳ ವಾರಸುದಾರಳು ಯಾರು ಅಂತ ಹೇಳೋರಿಲ್ಲ, ಗುಂಡಿ ಮುಚ್ಚೋ ಹಾಗಿಲ್ಲ. ಇನ್ನೊಂದು ರಾತ್ರಿ ಊರಿಗೆಲ್ಲ ಬಾಳೆಕಾಯಿ ಬೇಯಿಸ್ತಾ ಕೂತಿರ್ಬೇಕು."

"ಯೋಚ್ನೆ ಬಿಡಿ ಯಜಮಾನ್ರೇ. ಈ ರಸ್ತೇಲಿ ನಾನು ಮದುವೆಗೂ ತಡ ಮಾಡಿಲ್ಲ, ಮಣ್ಣಿಗೂ ತಡ ಮಾಡಿಲ್ಲ," ಎನ್ನುತ್ತ ಮುಬಿರು ಕಬ್ಬಿನ ಲಾರಿಯೊಂದನ್ನು ಹಿಂದೆ ಹಾಕಿದ. ಎದುರಿನಿಂದ ಬಂದ ಬಸ್ಸು ಅರಚಿಕೊಂಡು ಅಂಚಿನ ಕೆಂಪು ಮಣ್ಣಿಗೆ ಇಳಿದು ತಪ್ಪಿಸಿಕೊಂಡಿತು.

ಹಿಂದಿನ ಸಾಲಿನ ನೆಂಟರು ಸೀಟು ಅವುಚಿಕೊಂಡರೇ ಹೊರತು ಡ್ರೈವರನನ್ನು ಬೈಯಲಿಲ್ಲ. ಹೆಣವಿರುವ ಗಾಡಿಯಲ್ಲಿ ಜಗಳ ತೆಗೆದರೆ ಸತ್ತವರು ದಾರಿ ತಪ್ಪುತ್ತಾರೆ ಎಂಬುದು ಆ ಮನೆತನದ ನಂಬಿಕೆ.

ಪೆಟ್ಟಿಗೆಯ ಆಚೆ ಬದಿ ಮ್ವಾಂಜೆ ಕುಳಿತಿದ್ದ. ನಬ್ವಾಮಿ ಕೆಲಸಕ್ಕಿದ್ದ ರಸ್ತೆ ಸುರಕ್ಷತೆಯ ಸಣ್ಣ ಸಂಸ್ಥೆಗೆ ಅವನೇ ಮುಖ್ಯಸ್ಥ. ಅಂಗಿಯ ಎದೆಯ ಮೇಲೆ 'ವೇಗ ಕಂಡರೆ ಬಾಯಿ ಬಿಡಿ' ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬಾಯಿ ಮುಚ್ಚಿಕೊಂಡು ಕಿಟಕಿಯ ಸರಳು ಹಿಡಿದಿದ್ದ.

"ಸಾರ್, ನೀವಾದ್ರೂ ಒಂದು ಮಾತು ಹೇಳಿ," ಎಂದಳು ನಕಾಯಿಜಾ.

"ಇವತ್ತು ಕೆಲಸಕ್ಕೆ ಬಂದಿಲ್ಲಮ್ಮ, ದುಃಖಕ್ಕೆ ಬಂದಿದೀನಿ," ಎಂದು ಅವನು ಪಿಸುಗುಟ್ಟಿದ. "ನಿಮ್ಮ ಮನೆಯೋರ ಎದುರಿಗೆ ನಾನು ಹೇಗೆ..."

*

ನಕಾಯಿಜಾ ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ನಬ್ವಾಮಿಗೆ ಸಂಸ್ಥೆಯೂ ಇರಲಿಲ್ಲ, ಸಂಬಳವೂ ಇರಲಿಲ್ಲ. ಒಣಮೀನು ಮಾರುತ್ತಿದ್ದಳು. ಗಂಡ ಇದೇ ರಸ್ತೆಯ ಬಸ್ಸಿನಲ್ಲಿ ಹೋದವನು ಮನೆಗೆ ಬಂದಿರಲಿಲ್ಲ. ಆ ಬಸ್ಸಿನಲ್ಲಿ ಬದುಕಿ ಉಳಿದವಳೊಬ್ಬಳು ಬಂದು, ಆ ವೇಗಕ್ಕೆ ಎಲ್ಲರಿಗೂ ಹೆದರಿಕೆಯಾಗಿತ್ತಮ್ಮ, ಬಾಯಿ ಬಿಡೋಕೆ ನಾಚಿಕೆಯಾಯ್ತು ಎಂದು ಹೇಳಿ ಹೋಗಿದ್ದಳು.

ಅಂದಿನಿಂದ ನಬ್ವಾಮಿ ಯಾವ ಬಸ್ಸು ಹತ್ತಿದರೂ ಎದ್ದು ನಿಲ್ಲುವಳು. "ಡ್ರೈವರಪ್ಪಾ, ಇಲ್ಲಿರೋದು ಬಾಳೆಗೊನೆ ಅಲ್ಲ!"

"ಸಾಯೋ ಭಯ ಇದ್ರೆ ಹಾಸಿಗೇಲಿ ಮಲಗಿರಬೇಕಿತ್ತು ಕಣಮ್ಮ," ಎಂದು ಯಾರೋ ಒಮ್ಮೆ ಛೇಡಿಸಿದ್ದ.

"ಹಾಸಿಗೇಲೇ ಸಾಯೋ ಆಸೆ ಕಣಯ್ಯ. ಅಲ್ಲೀತನಕ ಮುಟ್ಟೋಕೆ ಬಿಡು!"

ಬಸ್ಸೆಲ್ಲ ನಕ್ಕಿತು. ನಕಾಯಿಜಾ ಶಾಲೆಯ ಸ್ವೆಟರನ್ನು ತಲೆ ಮೇಲೆ ಎಳೆದುಕೊಂಡು ಊರು ಬರುವತನಕ ಕೂತಿದ್ದಳು.

ಆಮೇಲೆ ಆ ಬಾಯಿಗಾಗಿಯೇ ಮ್ವಾಂಜೆ ನಬ್ವಾಮಿಯನ್ನು ಕೆಲಸಕ್ಕೆ ಕರೆದ. ಬಸ್‌ ನಿಲ್ದಾಣದಲ್ಲಿ ಬೆಂಚುಗಳನ್ನು ಸಾಲಾಗಿಟ್ಟು, ಪಾತ್ರೆಯ ಮುಚ್ಚಳವನ್ನು ಸ್ಟೀರಿಂಗಿನಂತೆ ತಿರುಗಿಸುತ್ತ ಅವಳು ಡ್ರೈವರಾಗುತ್ತಿದ್ದಳು, ಬೆಂಚಿನ ಮೇಲೆ ಪ್ರಯಾಣಿಕರಾಗಿ ಕೂತ ಜನ 'ನಿಧಾನ' ಎಂದು ಕೂಗಬೇಕು. ಕೂಗುತ್ತಿರಲಿಲ್ಲ. ಮುಖ ಮುಖ ನೋಡಿಕೊಂಡು ನಗುತ್ತಿದ್ದರು. "ಒಬ್ಬರೇ ಕೂಗಬೇಡ್ರಪ್ಪ. ಮೊದ್ಲು ಪಕ್ಕದೋರ್ನ ಮೊಣಕೈಲಿ ತಿವೀರಿ. ನಿಂಗೂ ಹೆದರಿಕೆ ಆಗ್ತಿದ್ಯಾ ಅಂತ ಕೇಳಿ. ಹೂಂ ಅಂದ್ರೆ ಇಬ್ರೂ ಒಟ್ಟಿಗೆ ಕೂಗಿ," ಎಂದು ಕಲಿಸಿದಳು.

ಕೊನೆಗೆ ರಕ್ತದೊತ್ತಡ ಏರಿ, ಮನೆಯ ಹಾಸಿಗೆಯಲ್ಲೇ ಹೋದಳು.

*

ಜೌಗಿನ ಜೊಂಡು ಮುಗಿದು ಏರು ಶುರುವಾಯಿತು. ಮುಂದೆ ಮೂರು ಲಾರಿ, ಆಚೆ ತಿರುವು. ಮುಬಿರು ಬಲಕ್ಕೆ ಎಳೆದ.

ನಕಾಯಿಜಾ ಪಕ್ಕದಲ್ಲಿದ್ದ ದೊಡ್ಡಮ್ಮನನ್ನು ಮೊಣಕೈಯಿಂದ ತಿವಿದಳು. "ದೊಡ್ಡಮ್ಮ, ನಿನಗೂ ಹೆದರಿಕೆ ಆಗ್ತಿದ್ಯಾ?"

"ಹೆದರಿಕೆ ಏನೇ, ನಂಗೆ ಉಳಿದಿರೋ ನಾಲ್ಕು ಹಲ್ಲೂ ಅಲ್ಲಾಡ್ತಿದೆ!"

"ಹಾಗಾದ್ರೆ ಕೂಗು."

ಇಬ್ಬರೂ ಒಟ್ಟಿಗೆ ಕೂಗಿದರು. "ನಿಧಾನ!"

ಮುಬಿರು ಬೆಚ್ಚಿ ಬ್ರೇಕ್ ಒತ್ತಿ ಲಾರಿಗಳ ಹಿಂದಕ್ಕೆ ಸರಿದ. ತಿರುವಿನಿಂದ ಟ್ಯಾಂಕರೊಂದು ಭುಸುಗುಡುತ್ತ ಇಳಿದು ಹೋಯಿತು. ಅವನು ಗಾಡಿಯನ್ನು ಅಂಚಿಗೆ ನಿಲ್ಲಿಸಿ ತಿರುಗಿದ. "ಹೆಣದ ಮುಂದೆ ಹೀಗೆ ಕಿರುಚ್ತಾರಾ? ನಿಮ್ಮಮ್ಮನಿಗೆ ಏನಾಗುತ್ತೆ ಗೊತ್ತಾ?"

"ನಮ್ಮಮ್ಮನಿಗೆ ಇನ್ನೇನೂ ಆಗೋದಿಲ್ಲ ಅಣ್ಣ. ಆಗೋದು ನಮಗೆ."

"ಏ ಹುಡುಗೀ!" ಲುಬ್ಯಾಯಿ ಗುಡುಗಿದ. "ಕುಲದ ಹಿರಿಯ ಹೊರಟುಹೋದ್ರೆ ನಿನ್ನ ಹೆಸರು ಯಾರು ಹೇಳ್ತಾರೆ? ನಿಮ್ಮಮ್ಮನ ಜಾಗದಲ್ಲಿ ನಿನ್ನ ಯಾರು ಕೂರಿಸ್ತಾರೆ?"

ನಕಾಯಿಜಾಳಿಗೆ ಆ ಜಾಗ ಬೇಕಿತ್ತು. "ನಾಳೆ ಹೇಳ್ಲಿ ಮಾವ. ಬಾಳೆಕಾಯಿ ನಾನೇ ಸುಲಿದು ಬೇಯಿಸ್ತೀನಿ."

"ನಾಳೆ ಅವನು ಬರದಿದ್ರೆ?"

ನಕಾಯಿಜಾ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. "ನಿಧಾನ," ಎಂದಳು ಮತ್ತೆ. ಹಿಂದಿನ ಸಾಲಿನವರೂ ಅಂದರು. ಎಲ್ಲರದೂ ಆದ ಮೇಲೆ, ಕೆಮ್ಮಿದ ಹಾಗೆ, ಮ್ವಾಂಜೆಯೂ ಅಂದ.

ಮುಬಿರು ಗೊಣಗುತ್ತ ಗಾಡಿ ತೆಗೆದ. ಲಾರಿಗಳ ಹಿಂದೆಯೇ ಏರು ಹತ್ತಿದ. ಲುಬ್ಯಾಯಿಯ ಫೋನು ಬಿಡದೆ ಬಡಿದುಕೊಳ್ಳುತ್ತಿತ್ತು. "ಹಿರಿಯ ಎದ್ದನಂತೆ," ಎಂದ. ಸ್ವಲ್ಪ ಹೊತ್ತಿಗೆ, "ಚಪ್ಪಲಿ ಮೆಟ್ಟಿದನಂತೆ." ಆಮೇಲೆ, "ಹೋದನಂತೆ. ನೋಡು, ಹೋದ." ನಕಾಯಿಜಾ ಪೆಟ್ಟಿಗೆಯ ಮೇಲೆ ಕೆನ್ನೆಯಿಟ್ಟಳು. ಲುಬ್ಯಾಯಿ ಫೋನನ್ನು ಜೇಬಿಗೆ ತುರುಕಿ ಕಿಟಕಿಯಾಚೆ ನೋಡತೊಡಗಿದ.

ಇಳಿಜಾರು ಬಂತು. ಎರಡೂ ಪಕ್ಕ ಬಾಳೆಗೊನೆ ಕಟ್ಟಿದ್ದ ಸೈಕಲ್ಲೊಂದು ಹಿಂದಿನಿಂದ ಜಾರುತ್ತ ವ್ಯಾನಿನ ಸಮಕ್ಕೆ ಬಂತು. ಒಳಗಿನ ಪೆಟ್ಟಿಗೆ ಕಂಡ ಸವಾರ, ಗಾಡಿ ಇಷ್ಟು ನಿಧಾನ ಸಾಗಬೇಕಾದರೆ ಹೋದವರು ಯಾರೋ ದೊಡ್ಡವರಿರಬೇಕೆಂದು ಟೋಪಿ ತೆಗೆದು ಎದೆಗೆ ಒತ್ತಿಕೊಂಡ.

ದೊಡ್ಡಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಏ ಅಪ್ಪಯ್ಯಾ! ಟೋಪಿ ಆಮೇಲೆ ತೆಗೀವಂತೆ, ಎರಡೂ ಕೈಲಿ ಹಿಡ್ಕೋ!"

ಅವನು ಗಾಬರಿಯಿಂದ ಟೋಪಿಯನ್ನು ಹಲ್ಲಿಗೆ ಕಚ್ಚಿಕೊಂಡು, ಎರಡೂ ಕೈಯಿಂದ ಹ್ಯಾಂಡಲ್ ಹಿಡಿದು, ಬಗ್ಗಿದ ತಲೆಯಲ್ಲೇ ವ್ಯಾನನ್ನು ದಾಟಿ ಮುಂದೆ ಹೋದ.