ಬೆದೆಯ ಪುಸ್ತಕ

ಲಾಯದ ಮುದುಕ ಜನ್ಮದಲ್ಲಿ ಸುಳ್ಳು ಹೇಳಿದವನಲ್ಲ ಎಂದರೆ ಅದೇ ಒಂದು ಸುಳ್ಳು. ತಡವಾಗಿ ಬಂದ ದಿನ ಹೆಂಡತಿಗೆ, ರಜೆ ಬೇಕಾದಾಗ ಯಜಮಾನಿಗೆ, ಅವನೂ ಎಲ್ಲರ ಹಾಗೆ ಹೇಳಿದವನೇ. ಆದರೆ ಕುದುರೆಯ ವಿಷಯದಲ್ಲಿ ಮೂವತ್ತು ವರ್ಷ ಅವನ ಮಾತಿಗೆ ಎರಡು ಮಾತಿರಲಿಲ್ಲ. ಆ ಹೆಸರನ್ನೆಲ್ಲ ಅವನು ಮೂರೇ ತಿಂಗಳಲ್ಲಿ ಒಂದು ಮುದಿ ಕುದುರೆಗಾಗಿ ಕರಗಿಸಿದ.

ಅವಳಿಗೆ ಇಪ್ಪತ್ತನಾಲ್ಕು ವರ್ಷ. ಎಲ್ಲರೂ ಅಜ್ಜಿ ಎಂದೇ ಕರೆಯುತ್ತಿದ್ದರು. ಬಿಳಿ ಅರಬ್ಬಿ ಕುದುರೆ. ಅವಳ ಕುಲದಲ್ಲಿ ಉಳಿದ ಹೆಣ್ಣು ಅವಳೊಬ್ಬಳೇ. ಈ ಕುದುರೆಗಳ ಕುಲ ತಾಯಿಯಿಂದ ಮಗಳಿಗೆ ಇಳಿಯುವಂಥದ್ದು. ಗಂಡು ಮರಿ ಎಷ್ಟೇ ಚೆಂದವಿರಲಿ, ಕುಲ ಅವನಲ್ಲಿಗೆ ಮುಗಿಯಿತು. ಅಜ್ಜಿಯೋ ಹಟ ತೊಟ್ಟವಳಂತೆ ಸಾಲಾಗಿ ಆರು ಗಂಡು ಹೆತ್ತಳು. ಏಳನೆಯದು ಹೆಣ್ಣು. ಹೋದ ವರ್ಷ ಅದು ಹೊಟ್ಟೆಯಲ್ಲಿ ಅಡ್ಡ ತಿರುಗಿ, ಕಾಲಿಗೆ ಹಗ್ಗ ಕಟ್ಟಿ ಎಳೆದಾಗ ಸತ್ತೇ ಹೊರಗೆ ಬಂತು. ಹಗ್ಗ ಎಳೆದವನು ಮುದುಕನೇ. ಯಜಮಾನಿ ಬಂದು ಸತ್ತ ಮರಿಯನ್ನು ಸೀರೆಯ ಅಂಚಿಗೆ ರಕ್ತ ತಾಗದಂತೆ ಬಗ್ಗಿ ನೋಡಿ, "ಹೆಣ್ಣೇ ಆಗಿತ್ತಲ್ಲ, ಛೆ. ಮುಂದಿನ ವರ್ಷ ನೋಡೋಣ" ಎಂದಳು. ಗೋಡೆಗೆ ಒರಗಿ ನಡುಗುತ್ತಿದ್ದ ತಾಯಿಯ ಕಡೆ ತಿರುಗಲಿಲ್ಲ. ಎಂಥ ಹೆಂಗಸೋ!

ಮುಂದಿನ ವರ್ಷ ಬಂತು. ದಿನಾ ಬೆಳಿಗ್ಗೆ ಮುದುಕ ಒಂದು ಮೋಟು ಗಂಡು ಕುದುರೆಯನ್ನು ಹಲಗೆ ಬೇಲಿಯ ಆಚೆ ನಡೆಸಬೇಕು. ಆ ಬಡಪಾಯಿಗೆ ವಾಸನೆ ಮಾತ್ರ, ಊಟ ಬೇರೆಯವರದ್ದು. ಹೆಣ್ಣು ಕಿವಿ ಹಿಂದಕ್ಕೆ ಮಡಚಿ ಒದ್ದರೆ ಬೆದೆಯಿಲ್ಲ. ಬಾಲ ಎತ್ತಿ, ಬೇಲಿಗೆ ಒರಗಿ ನಿಂತರೆ ಬೆದೆಗೆ ಬಂದಿದೆ. ಕಂಡದ್ದನ್ನು ಕಂಡಂತೆ ಪುಸ್ತಕದಲ್ಲಿ ಬರೆಯಬೇಕು. ಅಜ್ಜಿ ಮೂರು ವಾರಕ್ಕೊಮ್ಮೆ ತಪ್ಪದೆ ಬಾಲ ಎತ್ತಿದಳು. ಮುದುಕ ತಪ್ಪದೆ "ಬೆದೆಯಿಲ್ಲ" ಎಂದು ಬರೆದ. ಇನ್ನೊಂದು ಹೆರಿಗೆಯಾದರೆ ಅವಳು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳು ಉಳಿಯಬೇಕು, ಅಷ್ಟೇ. ಕುಲ ಹಾಳಾಗಿ ಹೋಗಲಿ.

"ಏನಂತಾಳೆ ನನ್ನ ಸವತಿ?" ಎಂದು ಹೆಂಡತಿ ದಿನಾ ಅನ್ನ ಬಡಿಸುತ್ತ ಕೇಳುತ್ತಿದ್ದಳು.

"ಆರಾಮಾಗಿದ್ದಾಳೆ. ನಿನಗಿಂತ ಕಡಿಮೆ ಮಾತು."

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಮಳೆಗಾಲ ಮುಗಿಯುವಷ್ಟರಲ್ಲಿ ಮುಂಗಾಲಿನ ಗೊರಸು ಕೆಟ್ಟು ಅಜ್ಜಿ ಕುಂಟತೊಡಗಿದಳು. ಶುಕ್ರವಾರ ಬೆಳಿಗ್ಗೆ ಯಜಮಾನಿ ಡಾಕ್ಟರನ್ನು ಕರೆದುಕೊಂಡು ಬಂದಳು. ಮುದುಕ ಪಕ್ಕದಲ್ಲಿ ಬಕೆಟ್ ಹಿಡಿದು ನಿಂತಿದ್ದ. ಬಕೆಟ್ ಹಿಡಿದವನಿಗೆ ಕಿವಿಯಿರುತ್ತದೆ ಎಂದು ಅಲ್ಲಿ ಯಾರೂ ನಂಬಿದವರಲ್ಲ.

"ಚಳಿಗಾಲ ದಾಟೋದು ಅನುಮಾನ," ಎಂದ ಡಾಕ್ಟರು. "ಈ ವರ್ಷ ಬೆದೆಗೆ ಬಂದಿದ್ರೆ ಒಂದು ದಾರಿಯಿತ್ತು. ಗಂಡು ತೋರಿಸಿ, ವಾರ ಬಿಟ್ಟು ಭ್ರೂಣ ತೊಳೆದು ತೆಗೆದು, ಆ ಕಂದು ಹೆಣ್ಣು ಕುದುರೆ ಹೊಟ್ಟೇಲಿ ಇಡ್ತಿದ್ದೆ. ಇವಳು ಹೊರೋದೂ ಇಲ್ಲ, ಹೆರೋದೂ ಇಲ್ಲ."

ಬಕೆಟ್ ಮುದುಕನ ಕಾಲ ಮೇಲೆ ಬಿತ್ತು. ಹೊರುವುದೂ ಇಲ್ಲ, ಹೆರುವುದೂ ಇಲ್ಲ! ಲಾಯದ ಕೊನೆಯಲ್ಲಿ ಆ ಕಂದು ಕುದುರೆಯನ್ನು ಯಾಕೆ ತಂದು ಕಟ್ಟಿದ್ದಾರೆ ಎಂದು ಅವನು ಕೇಳಿರಲಿಲ್ಲ, ಅವನಿಗೆ ಯಾರೂ ಹೇಳಿರಲಿಲ್ಲ.

"ಈಗ ಉಳಿದಿರೋದು ಒಂದೇ ದಾರಿ," ಎಂದು ಡಾಕ್ಟರು ಮುಂದುವರಿಸಿದ. "ಇವಳನ್ನ ಮಲಗಿಸಿ ಎರಡೂ ಅಂಡಾಶಯ ತೆಗೆದು ಲ್ಯಾಬಿಗೆ ಕಳಿಸೋದು. ಒಳಗಿರೋ ಮೊಟ್ಟೆಗಳಿಂದ ಏನಾದ್ರೂ ಆಗಬಹುದು. ಸೋಮವಾರ ಇಟ್ಕೊಳ್ಳೋಣ."

ಮಲಗಿಸುವುದು ಎಂದರೆ ಮತ್ತೆ ಏಳದಂತೆ ಮಲಗಿಸುವುದು ಎಂದು ಮುದುಕನಿಗೆ ಗೊತ್ತಿತ್ತು. ಅವನು ಯಜಮಾನಿಯ ಕಾಲಿಗೆ ಬಿದ್ದ.

"ಅಮ್ಮಾವ್ರೇ, ನನ್ನದು ತಪ್ಪಾಯ್ತು. ಪುಸ್ತಕದಲ್ಲಿರೋದೆಲ್ಲ ಸುಳ್ಳು. ಅವಳು ಪ್ರತಿ ಸಲಾನೂ ಬಂದಿದ್ದಾಳೆ. ಮಂಗಳವಾರದಿಂದ ಬೆದೇಲಿದ್ದಾಳೆ, ಇವತ್ತೂ ಬಾಲ ಎತ್ತಿದ್ಲು. ಗಂಡು ಕರೆಸಿ. ನನ್ನನ್ನ ಬೇಕಾದ್ರೆ ಓಡಿಸಿ."

ಯಜಮಾನಿ ಬಯ್ಯಲಿಲ್ಲ. ಡಾಕ್ಟರು ಉದ್ದ ಕೈಗವಸು ತೊಟ್ಟು, ಒಳಗೆ ಕೈ ಹಾಕಿ ಪರೀಕ್ಷೆ ಮಾಡಿ, "ಹೌದು. ಒಂದು ಮೊಟ್ಟೆ ಚೆನ್ನಾಗಿ ಮಾಗಿದೆ" ಎಂದ. ಮುದುಕ ಅಳುತ್ತಲೇ ನಕ್ಕ.

"ಯಾವುದು ಹೆಚ್ಚು ಖಚಿತ?" ಎಂದು ಯಜಮಾನಿ ಡಾಕ್ಟರನ್ನು ಕೇಳಿದಳು.

"ಈ ವಯಸ್ಸಲ್ಲಿ ಭ್ರೂಣ ನಿಲ್ಲೋದು ಹತ್ತಕ್ಕೆ ಒಂದು. ಕಳೆದ ಮೂರು ತಿಂಗಳು ಕೈಲಿದ್ದಿದ್ರೆ ಮತ್ತೆ ಮತ್ತೆ ನೋಡಬಹುದಿತ್ತು. ಅಂಡಾಶಯ ತೆಗೆದ್ರೆ, ಒಂದು ಮಾಗಿದ್ದು, ಜೊತೆಗೆ ಹತ್ತು ಹನ್ನೆರಡು ಮೊಟ್ಟೆ."

"ಮಾಗಿದ್ದು ಸೋಮವಾರದವರೆಗೆ ಇರುತ್ತಾ?"

"ಇರಲ್ಲ. ಇವತ್ತೋ ನಾಳೆಯೋ ಒಡೆಯುತ್ತೆ."

"ಹಾಗಿದ್ರೆ ಸೋಮವಾರ ಯಾಕೆ? ಇವತ್ತೇ ಆಗಲಿ." ಅವಳು ಮುದುಕನ ಕಡೆ ತಿರುಗಿದಳು. "ಹೇಳಿದ್ದು ಒಳ್ಳೇದಾಯ್ತು ಕಣಪ್ಪ. ಏಳು. ಅವಳು ನಿನ್ನ ಬಿಟ್ರೆ ಯಾರಿಗೂ ನಿಲ್ಲಲ್ಲ, ಬಂದು ಹಿಡ್ಕೋ."

ಬೇರೆಯವರು ಹಿಡಿದರೆ ಅಜ್ಜಿ ಹೆದರಿ ಎಳೆದಾಡುತ್ತಾಳೆ, ಆ ಕೆಟ್ಟ ಗೊರಸಿನ ಮೇಲೆ. ಅದೂ ಅವನಿಗೆ ಗೊತ್ತಿತ್ತು. ಅವನು ಎದ್ದು ಹಗ್ಗ ಹಿಡಿದ. ಅಜ್ಜಿ ಎಂದಿನಂತೆ ಅವನ ಅಂಗಿಯ ಜೇಬಿಗೆ ಮೂತಿ ತೂರಿ ಬೆಲ್ಲ ಹುಡುಕಿದಳು. ಇತ್ತು, ಒಂದು ತುಂಡು. ಅವಳು ಅಗಿಯುತ್ತಿರುವಾಗಲೇ ಡಾಕ್ಟರು ಕುತ್ತಿಗೆಗೆ ಸೂಜಿ ಚುಚ್ಚಿದ.

ಮಧ್ಯಾಹ್ನದ ಹೊತ್ತಿಗೆ ಎರಡೂ ಅಂಡಾಶಯ ಇಟ್ಟ ಪೆಟ್ಟಿಗೆ ಲ್ಯಾಬಿಗೆ ಹೊರಟುಹೋಯಿತು. ಯಜಮಾನಿ ಅವನನ್ನು ಓಡಿಸಲಿಲ್ಲ. ಕಂದು ಕುದುರೆಯನ್ನು ನೋಡಿಕೊಳ್ಳಲು ಇಷ್ಟು ಪ್ರೀತಿಯುಳ್ಳವನು ಇನ್ನೆಲ್ಲಿ ಸಿಗುತ್ತಾನೆ? ಲ್ಯಾಬಿಗೆ ಬೇಕೆಂದು ನಿಜವಾದ ತಾರೀಕುಗಳನ್ನೆಲ್ಲ ಬರೆಸಿಕೊಂಡಳು. ಅವನಿಗೆ ಒಂದೂ ಮರೆತಿರಲಿಲ್ಲ.

ಮನೆಯಲ್ಲಿ ಹೆಂಡತಿ ತಟ್ಟೆ ಇಟ್ಟಳು. "ಏನಂತಾಳೆ ನನ್ನ ಸವತಿ?"

ಮುದುಕ ಅನ್ನ ಕಲಸುತ್ತ ಕೂತ, ಕಲಸುತ್ತಲೇ ಇದ್ದ.

"ಒಂಚೂರೂ ಅಲುಗಾಡಲಿಲ್ಲ ಕಣೇ," ಎಂದ. "ನಾನು ಹಿಡ್ಕೊಂಡಿದ್ನಲ್ಲ, ಅದಕ್ಕೇ."